ಜಿರಳೆಗಳ ಮೂಲಸ್ಥಾನ

ಸಕ್ಕರೆ ಕಾಯಿಲೆ ಇದೆಯೆಂದು ಜನ ಹೇಳಿಕೊಳ್ಳುತ್ತಾರೆ. ಆಪ್ತರ ನಡುವೆ ಮೂಲವ್ಯಾಧಿಯನ್ನೂ ಒಪ್ಪಿಕೊಂಡವರುಂಟು. ಆದರೆ ತನ್ನ ಅಡುಗೆಮನೆಯಲ್ಲಿ ಜಿರಳೆ ಇದೆಯೆಂದು ತಾನಾಗಿ ಹೇಳಿದ ಗೃಹಸ್ಥನನ್ನು ಈ ಅರವತ್ತೇಳು ವರ್ಷಗಳಲ್ಲಿ ನಾನು ಕಂಡಿಲ್ಲ. ಜಿರಳೆ ಯಾವಾಗಲೂ ಕೆಳಗಿನ ಮನೆಯದು. ನಮ್ಮಲ್ಲಿಗೆ ಬಂದರೆ ನೆಂಟನಾಗಿ ಮಾತ್ರ. ಕೊಯಾಲಿಯ ತೈಲ ಸಂಸ್ಕರಣಾಗಾರದಲ್ಲಿ ಮೂವತ್ತು ವರ್ಷ ಸುರಕ್ಷತಾ ವಿಭಾಗದಲ್ಲಿದ್ದು, ಯಾವ ಸೋರಿಕೆ ಎಲ್ಲಿಂದ ಎಂದು ಪತ್ತೆಮಾಡುವುದಕ್ಕೇ ಸಂಬಳ ಪಡೆದವನು ನಾನು. ನಿವೃತ್ತನಾಗಿ ವಡೋದರದ ಈ ನಾಲ್ಕು ಮಹಡಿಯ ಕಟ್ಟಡಕ್ಕೆ ಬಂದಮೇಲೆ, ಇಲ್ಲಿನ ಜಿರಳೆಗಳ ಮೂಲವನ್ನು ಶೋಧಿಸುವ ಹೊಣೆಯೂ ಸಹಜವಾಗಿ ನನ್ನ ಹೆಗಲೇರಿತು. ಒಂದೇ ನಿಮಿಷದಲ್ಲಿ ಶೋಧಿಸಿದೆ.

ಅಪರಾಧಿ ನಮ್ಮ ಕೆಳಗಿನ ಮನೆಯ ಬಾಡಿಗೆದಾರಳು, ಗದಗದ ರೇಖಾ. ಮಕರಪುರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್, ಒಬ್ಬಳೇ ಇರುತ್ತಾಳೆ. ಸಾಕ್ಷ್ಯ ಅಷ್ಟೇ. ಒಂಟಿ ಹುಡುಗಿಯರು ಎಂಜಲು ಪಾತ್ರೆಗಳನ್ನು ಬೆಳಗಿನವರೆಗೂ ಸಿಂಕಿನಲ್ಲಿ ಬಿಡುತ್ತಾರೆಂದು ಸೊಸೈಟಿಯ ಸಭೆಯಲ್ಲಿ, ಅವಳಿಲ್ಲದಾಗ, ಶಾಸ್ತ್ರೋಕ್ತವಾಗಿ ವಿವರಿಸಿದೆ. ಅಧ್ಯಕ್ಷ ಜಯಂತಿಭಾಯಿ ತಲೆದೂಗಿ, ಕಟ್ಟಡಕ್ಕೆಲ್ಲ ಔಷಧಿ ಹಾಕಿಸೋಣ, ಬರುವ ಭಾನುವಾರ ಸಭೆ ಸೇರಿ ಅವಳ ಮನೆ ಖಾಲಿ ಮಾಡಿಸುವಂತೆ ಮಾಲೀಕರಿಗೆ ಬರೆಯೋಣ ಎಂದರು. ನನಗೆ ಕಸಿವಿಸಿಯಾಯಿತು. ನಾಲ್ಕು ಮಾತು ಬೈದು ಬಿಡುತ್ತಾರೆಂದುಕೊಂಡಿದ್ದೆ, ಮನೆ ಬಿಡಿಸುತ್ತಾರೆಂದಲ್ಲ. ಆದರೂ ಎಲ್ಲರೊಡನೆ ನಾನೂ ತಲೆದೂಗಿದೆ.

ಸೋಮವಾರ ಔಷಧಿ ಹಾಕುವ ರಮೇಶ್‌ಭಾಯಿ ಬಂದರು. ಎಲ್ಲ ಮನೆಗಳಿಗೂ ಒಂದೇ ದಿನ ಹಾಕಬೇಕಂತೆ. ಒಂದು ಮನೆ ಬಿಟ್ಟರೂ ಅಲ್ಲಿಂದ ಮತ್ತೆ ಸಂಸಾರ ಬೆಳೆಯುತ್ತದಂತೆ. "ನಮ್ಮಲ್ಲಿ ಇಲ್ಲ, ಬೇಡ" ಎಂದೆ.

ಒಳಗಿಂದ ಹೆಂಡತಿ ಸರೋಜ, ಅವರಿಗೂ ತಿಳಿಯುವಂತೆ ಹಿಂದಿಯಲ್ಲೇ, "ಯಾಕ್ರೀ ಸುಳ್ಳು ಹೇಳ್ತೀರ? ನಿನ್ನೆ ಕಾಫಿ ಫಿಲ್ಟರಿನ ಹಿಂದಿನಿಂದ ಬಂದದ್ದನ್ನ ಚಪ್ಪಲೀಲಿ ಹೊಡೆದೋರು ಯಾರು?" ಎಂದಳು. ರಮೇಶ್‌ಭಾಯಿ ಏಣಿ ಹಾಕಿ ಅಟ್ಟ ಹತ್ತಿದರು.

ಈ ಅಟ್ಟದ ವಿಚಾರ ಸ್ವಲ್ಪ ಹೇಳಬೇಕು. ಪ್ರತಿ ಬೇಸಿಗೆ ಮೈಸೂರಿಗೆ ಹೋಗಿ, ಸಾರಿನಪುಡಿ, ಹುರಿಹಿಟ್ಟು, ಹಪ್ಪಳ, ಕಾಫಿಪುಡಿಗಳನ್ನು ದಿನಸಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿ ರೈಲಿನಲ್ಲಿ ತರುವುದು ಹೊರನಾಡಿಗರಾದ ನಮ್ಮ ಸಂಪ್ರದಾಯ. ಪುಡಿ ಮುಗಿಯುತ್ತದೆ, ಪೆಟ್ಟಿಗೆ ಮುಗಿಯುವುದಿಲ್ಲ. ಅಂಗಡಿಯ ಹೆಸರು ಕನ್ನಡದಲ್ಲಿ ಅಚ್ಚಾಗಿರುವ ಪೆಟ್ಟಿಗೆಯನ್ನು ಗುಜರಾತಿನ ಕಸದ ಗಾಡಿಗೆ ಹಾಕಲು ನನಗೆ ಮನಸ್ಸು ಬಾರದು. ಹಾಗಾಗಿ ವರ್ಷಾನುವರ್ಷದಿಂದ ಒಂದರ ಮೇಲೊಂದು ಪೇರಿಸಿ, ನಾಡಿನ ದಾಖಲೆಗಳಂತೆ ಕಾಪಾಡಿದ್ದೆ.

ರಮೇಶ್‌ಭಾಯಿ ಒಂದರ ಮಡಿಕೆ ಬಿಡಿಸಿ, ಟಾರ್ಚು ಹಾಕಿ, ನನ್ನ ಮಾನ ಉಳಿಸುವಷ್ಟು ಮೆಲುದನಿಯಲ್ಲಿ ಹಿಂದಿಯಲ್ಲಿ ಹೇಳಿದರು: "ಸಾಹೇಬ್, ಫ್ಯಾಕ್ಟರಿ ಇಲ್ಲಿದೆ. ಕೆಳಗಿರೋದು ಬರೀ ಏಜೆನ್ಸಿ. ಆ ಬೆಹನ್ ಮನೇಲಿ ಇಂಥದೇ ಒಂದು ಪೆಟ್ಟಿಗೆ ಇತ್ತು. ಮೊಟ್ಟೆಯೆಲ್ಲ ಅದರಲ್ಲೇ."

ಆ ಪೆಟ್ಟಿಗೆ ನಾನು ಕೊಟ್ಟದ್ದು. ಅವಳು ಬಂದ ವಾರ, ನಮ್ಮ ನಾಡಿನ ಹುಡುಗಿಯೆಂಬ ಅಭಿಮಾನದಿಂದ, ಹಪ್ಪಳ ತುಂಬಿ ನಾನೇ ಹೊತ್ತು ಕೊಟ್ಟುಬಂದಿದ್ದೆ.

ಭಾನುವಾರದ ಸಭೆಯಲ್ಲಿ ಎದ್ದು ನಿಂತೆ. "ತಪ್ಪು ಆ ಹುಡುಗಿಯದಲ್ಲ. ಜಿರಳೆಗಳು ನನ್ನ ಮನೆಯವು. ಹಂಚಿದವನೂ ನಾನೇ" ಎಂದೆ.

ಜಯಂತಿಭಾಯಿ ಕಣ್ಣು ಒರೆಸಿಕೊಂಡರು. "ರಾವ್‌ಸಾಹೇಬ್, ನಿಮ್ಮ ಕಡೆಯ ಹುಡುಗಿ ಅಂತ ಕಳಂಕ ನಿಮ್ಮ ತಲೆ ಮೇಲೆ ಹಾಕ್ಕೊಳ್ತೀರಲ್ಲ. ಎಂಥ ದೊಡ್ಡ ಮನಸ್ಸು. ಸರೋಜಭಾಭಿ ಮನೇಲಿ ಜಿರಳೆ ಅಂದ್ರೆ ಯಾರು ನಂಬ್ತಾರೆ?" ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳುತ್ತಿದ್ದೇನೆ ಎನ್ನಲು ಬಾಯಿ ತೆರೆದೆ. ಚಪ್ಪಾಳೆ ನಿಲ್ಲಲೆಂದು ಕಾದೆ. ನಿಂತಿತು, ನಾನು ಕುಳಿತೆ. ಮನೆ ಖಾಲಿ ಮಾಡಿಸುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಸಂಜೆ ರೇಖಾ ಮೇಲೆ ಬಂದಳು. "ಕಾಕಾ, ನನ್ನ ಸಲುವಾಗಿ ನಿಮ್ಮ ಮನಿ ಹೆಸರು ಕೆಡಿಸ್ಕೊಂಡ್ರಂತಲ್ರಿ" ಎಂದು ಕಾಲಿಗೆ ಬಗ್ಗಿದಳು. ಆಮೇಲೆ ತಲೆಯೆತ್ತಿ, "ಖರೇ ಹೇಳ್ರಿ, ನಿಮ್ಮ ಮನ್ಯಾಗ ಒಂದರೆ ಜಿರಳಿ ಐತೇನ್ರಿ?" ಎಂದು ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಸರೋಜ ನನ್ನನ್ನೇ ನೋಡುತ್ತಿದ್ದಳು.

"ಒಂದೂ ಇಲ್ಲಮ್ಮ" ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ. ಔಷಧಿ ಹಾಕಿಸಿ ಆರು ದಿನವಾಗಿತ್ತು.