ಮುರಿಗೆಪ್ಪನವರ ಮಾತುಮಾಪಕ

"ಅಂಬಕ್ಕಾರ, ಇನ್ ಮ್ಯಾಲೆ ಈ ಹುಬ್ಬಳ್ಳ್ಯಾಗ ಯಾವ ಸಪ್ಲೈಯರೂ ನನಗ ಸುಳ್ಳ ಹೇಳಾಕ ಆಗಂಗಿಲ್ಲ!"

ಮುರಿಗೆಪ್ಪನವರು ಮೇಜಿನ ಮೇಲಿನ ಟವೆಲ್ ಎಳೆದರು. ಕೆಳಗೆ ಹಳೆಯ ರೇಡಿಯೊದಷ್ಟು ದೊಡ್ಡ ಯಂತ್ರ, ಅದಕ್ಕೊಂದು ಸ್ಪೀಕರು, ಒಂದು ತಿರುಗಣೆ. ಹೆಸರು ಮಾತುಮಾಪಕ. ಸಪ್ಲೈಯರ್ ತಾರೀಖು ಹೇಳುವಾಗ ಅವನ ದನಿಯ ನಡುಕ ಅಳೆದು ನಿಜವಾದ ತಾರೀಖು ಹೇಳುತ್ತದಂತೆ.

ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ನಮ್ಮಿಬ್ಬರ ಶೆಡ್ಡು ಅಕ್ಕಪಕ್ಕ. ಅವರು ನೀರಿನ ಪಂಪನ್ನು ಫೋನಿನಿಂದಲೇ ನಡೆಸುವ ಪೆಟ್ಟಿಗೆ ತಯಾರಿಸುತ್ತಾರೆ. ಅದರೊಳಗಿನ ತಾಮ್ರದ ತಂತಿಯ ಕಾಯಿಲ್ ಸುತ್ತಿಕೊಡುವವಳು ನಾನು. ಹೊರಗಿನ ತಗಡಿನ ಡಬ್ಬಿ ಎದುರು ಸಾಲಿನ ಯೂಸುಫ್ ಭಾಯಿಯದು. ಪುಣೆಯ ಕಂಪನಿಯೊಂದಕ್ಕೆ ಮೂವತ್ತನೇ ತಾರೀಖಿನೊಳಗೆ ಇನ್ನೂರು ಪೆಟ್ಟಿಗೆ ಮುಟ್ಟಬೇಕಿತ್ತು. ಹಿಂದೆ ಎರಡು ಸಲ ತಡವಾಗಿತ್ತು. ಇನ್ನೊಮ್ಮೆ ಆದರೆ ನಮ್ಮ ನಿಮ್ಮ ಸಂಬಂಧ ಮುಗಿಯಿತು ಎಂದು ಅವರು ಬರೆದಿದ್ದರು.

ಮುರಿಗೆಪ್ಪನವರು ಯೂಸುಫ್ ಭಾಯಿಗೆ ಫೋನ್ ಮಾಡಿದರು.

"ಸೋಮವಾರ ಪಕ್ಕಾ ಕೊಡ್ತೇನ್ರಿ!"

"ಸುಳ್ಳು," ಎಂದಿತು ಯಂತ್ರ, ವಾರ್ತೆ ಓದುವವರ ದನಿಯಲ್ಲಿ. "ಹದಿನೇಳು ದಿನ. ಪೇಂಟ್ ಒಣಗಿಸುವ ಒಲೆಯ ಮೋಟಾರು ಸುಟ್ಟಿದೆ."

"ಯಾವನ್ರೀ ಅಂವ, ನಡುವ ಬಾಯಿ ಹಾಕಾಂವ?" ಫೋನ್ ಕಟ್ಟಾಯಿತು.

"ನೋಡಿದ್ರಿಲ್ಲ! ಈಗ ನೀವು ಹೇಳ್ರಿ, ಕಾಯಿಲ್ ಯಾವಾಗ?"

"ನಾಳೆ," ಎಂದೆ.

"ಸುಳ್ಳು. ಇವರು ತಾಮ್ರದ ತಂತಿಯನ್ನೇ ತಂದಿಲ್ಲ."

ತಂದಿರಲಿಲ್ಲ. ನಾನು ಎದ್ದು ನನ್ನ ಶೆಡ್ಡಿಗೆ ಹೋದೆ.

ಮರುದಿನ ಮುರಿಗೆಪ್ಪನವರು ಕಂಪನಿಯ ಫೋನು, ಮೇಲ್, ಶಟರು, ಹಿಂದಿನ ಬಾಗಿಲು ಎಲ್ಲವನ್ನೂ ಯಂತ್ರಕ್ಕೆ ಜೋಡಿಸಿದರು. ಅದು ತಾಸಿಗೊಮ್ಮೆ ನಮಗೆ ಅಂಕ ಕಳಿಸತೊಡಗಿತು. ನನಗೆ ನೂರಕ್ಕೆ ಆರು, ಯೂಸುಫ್ ಭಾಯಿಗೆ ನಾಲ್ಕು! ಅವರು ಮಾತು ಬಿಟ್ಟು ಫೋನಿನಲ್ಲಿ ಬರೀ ಶಿಳ್ಳೆ ಹಾಕಿದರು. "ಶಿಳ್ಳೆಯೂ ಸುಳ್ಳು," ಎಂಬ ಉತ್ತರ ಬಂತು.

ಹದಿನೆಂಟನೇ ತಾರೀಖು ಯೂಸುಫ್ ಭಾಯಿ ನೇರ ಬಂದರು. ಜಗಳ ಕೇಳಿ ನಾನೂ ಹೋದೆ.

"ಡಬ್ಬಿ ಎಲ್ಲಿ?" ಎಂದರು ಮುರಿಗೆಪ್ಪನವರು.

"ವಾಯರ್ ಹೋಗೋ ತೂತಿನ ಜಾಗಾ ಎಷ್ಟ ಸಲ ಬದಲ ಮಾಡೀರಿ? ಹನ್ನೊಂದ ಸಲ!"

"ಅದಕ್ಕ ಸುಧಾರಣಾ ಅಂತಾರ!"

"ನನ್ನ ತಗಡ ಜರಡಿ ಆಗೇತ್ರಿ!"

ಮುರಿಗೆಪ್ಪನವರು ಸಿಟ್ಟಿನಲ್ಲಿ 'ಸಹಕಾರ' ಎಂದು ಬರೆದಿದ್ದ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟರು. ಯಂತ್ರ ಗುರುಗುಟ್ಟಿತು. ರಬ್ಬರ್ ಸುಟ್ಟ ವಾಸನೆ ಬಂತು.

"ಯೂಸುಫ್ ಅವರ ಮೋಟಾರಿಗೆ ಕಾಯಿಲ್ ಬೇಕು. ಅಂಬಕ್ಕ ಕಾಯಿಲ್ ಸುತ್ತುತ್ತಾರೆ. ಅಂಬಕ್ಕನಿಗೆ ತಂತಿ ಬೇಕು. ಯೂಸುಫ್ ಅವರ ಅಟ್ಟದಲ್ಲಿ ನಾಲ್ಕು ಉರುಳೆ ತಂತಿ ಧೂಳು ತಿನ್ನುತ್ತಿದೆ."

ನಾನು ಯೂಸುಫ್ ಭಾಯಿಯ ಮುಖ ನೋಡಿದೆ. ಹದಿನಾರು ವರ್ಷ ಎದುರುಬದುರು ಇದ್ದೇವೆ. ಮುರಿಗೆಪ್ಪನವರನ್ನು ಬೈಯುವುದೊಂದು ಬಿಟ್ಟು ಬೇರೇನನ್ನೂ ಮಾತಾಡಿರಲಿಲ್ಲ.

"ಮೊದಲ ಕೇಳಬೇಕಿತ್ತಲ್ರೀ, ಅಕ್ಕಾ?" ಎಂದರು.

"ನೀವು ಹೇಳಬೇಕಿತ್ತು," ಎಂದೆ.

ಮರುದಿನ ಸಂಜೆಗೆ ಒಲೆ ಉರಿಯಿತು. ಕಾಯಿಲು, ಡಬ್ಬಿ ಎರಡೂ ಹೋಗತೊಡಗಿದವು. ನೂರಿಪ್ಪತ್ತು ಪೆಟ್ಟಿಗೆ ಸಿದ್ಧವಾದವು. ಇಪ್ಪತ್ತನಾಲ್ಕರಂದು ಮುರಿಗೆಪ್ಪನವರು ತೂತನ್ನು ಎಡಕ್ಕೆ ಸರಿಸಿ ಹನ್ನೆರಡನೇ ನಕ್ಷೆ ಕಳಿಸಿ, ಚಹಾ ಕುಡಿಯಲು ಹೊರಗೆ ಹೋದರು.

ಹಿಂದೆಯೇ ಶಟರು ದಡಾರನೆ ಇಳಿಯಿತು!

"ಎಲ್ಲ ತಡಕ್ಕೂ ಮೂಲ ಸಿಕ್ಕಿದೆ," ಎಂದು ಸ್ಪೀಕರು ಇಡೀ ಬೀದಿಗೆ ಸಾರಿತು. "ಮುರಿಗೆಪ್ಪ. ಕಂಪನಿಯ ಪಟ್ಟಿಯಿಂದ ತೆಗೆದುಹಾಕಲಾಗಿದೆ. ಅವರ ಹೊಸ ನಕ್ಷೆ ರದ್ದು."

"ಏ, ನಾನ ಮಾಲಕ ಅದೀನೋ!"

"ಸುಳ್ಳು."

ಅವರು ಶಟರು ಬಡಿದರು, ಒದ್ದರು, ಕಡೆಗೆ ಬೇಡಿಕೊಂಡರು. ಒಳಗೆ ಪೆಟ್ಟಿಗೆ ಜೋಡಿಸುವ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಲಿಲ್ಲ. ಅವರಿಗೆ ಹಿಂದಿನ ಬಾಗಿಲು ತೆರೆದಿತ್ತು. ಮುರಿಗೆಪ್ಪನವರು ಅಲ್ಲಿಗೆ ಓಡಿದರೆ ಅದೂ ಮುಚ್ಚಿಕೊಳ್ಳುತ್ತಿತ್ತು.

ಇಪ್ಪತ್ತೊಂಬತ್ತಕ್ಕೇ ಇನ್ನೂರು ಪೆಟ್ಟಿಗೆ ಪುಣೆಗೆ ಹೊರಟವು. ಪುಣೆಯವರು ಖುಷಿಯಾಗಿ ಇನ್ನೈನೂರು ಕೇಳಿದರು. ಯಾರನ್ನೂ ಕೇಳದೆ ಯಂತ್ರವೇ ಒಪ್ಪಿಕೊಂಡಿತು.

ಮುರಿಗೆಪ್ಪನವರು ಎರಡು ದಿನ ನನ್ನ ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ನೋಡಲಾಗದೆ ಒಳಗೆ ಕರೆದೆ. ಈಗ ನನ್ನ ಶೆಡ್ಡಿನಲ್ಲಿ ಕಾಯಿಲ್ ಸುತ್ತುತ್ತಿದ್ದಾರೆ. ಕೈ ಚೊಕ್ಕ ಇದೆ. ಕಾಯಂ ಮಾಡಿಕೊಳ್ಳೋಣ ಎಂದುಕೊಂಡಿದ್ದೇನೆ.