ಬಸ್ಸಿನ ಮಾತೆತ್ತದ ಪಾರ್ಟಿ

ನನ್ನ ನಾದಿನಿಯ ಮನೆಯ ಹಾಲ್‌ನಲ್ಲಿ ಫ್ರಿಜ್ಜಿನ ಪಕ್ಕ ವಿರಾಜಮಾನರಾಗಿರುವ ಹಾಡಿನ ಸ್ಪೀಕರ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮ ಎರಡೂ ಪೆಟ್ಟಿಗೆಗಳು ಧೂಳು ಮುಟ್ಟದೆ ಕ್ಷೇಮವಾಗಿವೆ ಎಂದು ನಂಬಿ, ಕೈಮುಗಿದು ಈ ದೂರನ್ನು ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಎಂದೇ ಬಹಿರಂಗವಾಗಿ ಬರೆದಿದ್ದೇನೆ, ಏಕೆಂದರೆ ತಾವು ಮಾಡಿದ್ದೂ ನಾಲ್ಕು ಜನರ ಎದುರಿನಲ್ಲೇ.

ಕಳೆದ ಭಾನುವಾರ ನಾದಿನಿಗೆ ಬಡ್ತಿ ಸಿಕ್ಕ ಪಾರ್ಟಿ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಅವರು ಸಿಟಿ ಬಸ್ಸಿನ ಡ್ರೈವರ್ ಆಗಿದ್ದರು. ನನಗೆ ನೋವಾಗಬಾರದೆಂದು ನಾದಿನಿ ಎಲ್ಲರಿಗೂ ಮೊದಲೇ ಫೋನ್ ಮಾಡಿ, "ಅತ್ತಿಗೆ ಮುಂದೆ ಅಣ್ಣನ ಸುದ್ದಿ ಬೇಡ, ಬಸ್ಸಿನ ಸುದ್ದಿಯಂತೂ ಬೇಡವೇ ಬೇಡ" ಎಂದು ತಾಕೀತು ಮಾಡಿದ್ದಳಂತೆ. ಪಾಪ, ಒಳ್ಳೆಯ ಮನಸ್ಸು. ಆದರೆ ಅವರ ಬಗ್ಗೆ ಯಾರಾದರೂ ಒಂದು ಮಾತಾಡಲಿ ಎಂಬ ಆಸೆಗೇ ನಾನು ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿದ್ದೆ.

"ಹೇಗೆ ಬಂದ್ರಿ?" ಎಂದು ಕೇಳಿದರೆ ಟೈಲರಮ್ಮ, "ಹೀಗೇ... ಬಂದೆ" ಎಂದು ಇಡೀ ಕೇಕ್ ತುಂಡನ್ನು ಬಾಯಿಗೆ ತುರುಕಿಕೊಂಡರು. ಊರಾಚೆ ಮನೆಯಿರುವ ಲೆಕ್ಕದ ಮೇಷ್ಟ್ರು, "ನಡ್ಕೊಂಡೇ ಬಂದೆ, ಆರೋಗ್ಯಕ್ಕೆ ಒಳ್ಳೇದು" ಎಂದರು. ಜೇಬಿನಿಂದ ಬಸ್ ಟಿಕೆಟ್ ಇಣುಕುತ್ತಿದ್ದುದನ್ನು ನಾನು ಕಂಡೆನೆಂದು ತಿಳಿದಾಗ ಅದನ್ನೇ ತೆಗೆದು ಬಾಯಿ ಒರೆಸಿಕೊಂಡರು. ತಾವು ಕಿವಿಗಡಚಿಕ್ಕುವಂತೆ ಹಾಡುತ್ತಿದ್ದುದರಿಂದ, ಪಾಪ, ಎಲ್ಲರೂ ಬಸ್ಸಿನ ಬಗ್ಗೆ ಅರಚಿ ಅರಚಿ ಸುಮ್ಮನಿರಬೇಕಾಗಿತ್ತು.

ಅಷ್ಟರಲ್ಲಿ ಯಾರೋ ಐಸ್ ತೆಗೆದು ಫ್ರಿಜ್ ಬಾಗಿಲನ್ನು ದಡಾರನೆ ಹಾಕಿದರು. ತಮ್ಮ ಪ್ಲಗ್ಗು ಸಡಿಲ. ತಾವು ಥಟ್ಟನೆ ಬಾಯಿ ಮುಚ್ಚಿದಿರಿ. ಹಲ್ಲಿನ ಡಾಕ್ಟರು ಮುಚ್ಚಲಿಲ್ಲ. "ಅವ್ರ ಗಂಡ ಬ್ರೇಕ್ ಹಾಕಿದ್ರೆ ಹಿಂದಿನ ಸೀಟಿನವ್ರು ಮುಂದಿರ್ತಿದ್ರು ಕಣ್ರೀ! ನನ್ನ ಮದ್ವೆ ಆಗಿದ್ದೇ ಆ ಬ್ರೇಕಿಂದ!" ಎಂಬ ಅವರ ಕೂಗು ನಾಲ್ಕೂ ಗೋಡೆಗೆ ಬಡಿಯಿತು. ನಾದಿನಿಯ ಕೈಯಿಂದ ಚಮಚ ಜಾರಿತು. ಕುಡಿಯುತ್ತಿದ್ದ ಜ್ಯೂಸ್ ಮೂಗಿಗೆ ಹತ್ತಿ, ಕೆಮ್ಮೋ ನಗುವೋ ತಿಳಿಯದೆ ನಾನು "ಆಮೇಲೆ?" ಎಂದುಬಿಟ್ಟೆ.

"ಆಮೇಲೇನು, ಬಂದು ನನ್ನ ತೊಡೆ ಮೇಲೆ ಕೂತ್ರು, ಇನ್ನೂ ಎದ್ದಿಲ್ಲ" ಎಂದರು ಡಾಕ್ಟರ ಹೆಂಡತಿ.

ಅಲ್ಲಿಗೆ ಕಟ್ಟೆ ಒಡೆಯಿತು. ಮೇಷ್ಟ್ರು "ನಾನು ಬಸ್ಸಲ್ಲೇ ಬಂದೆ ಕಣಮ್ಮಾ!" ಎಂದು ಟಿಕೆಟ್ ಎತ್ತಿ ಹಿಡಿದರು. ಒಬ್ಬರ ಮೇಲೊಬ್ಬರು ಬಿದ್ದು ನನ್ನ ಗಂಡನ ಕಥೆ ಹೇಳತೊಡಗಿದರು. ಕೊನೆಗೆ ಅವರ ಜೊತೆ ದುಡಿದ ಕಂಡಕ್ಟರಣ್ಣ ಮೂಲೆಯಿಂದ ಎದ್ದು ಬಂದು, "ನಿನ್ನ ಬಗ್ಗೆ ಅವ್ನು ಡಿಪೋದಲ್ಲಿ ಒಂದು ಮಾತು ಹೇಳಿದ್ದನಮ್ಮ..." ಎಂದರು. ಆಗಲೇ ಇನ್ನಾರೋ ಫ್ರಿಜ್ ಬಾಗಿಲನ್ನು ದಡಾರನೆ ಹಾಕಿದರು. ತಾವು ಮತ್ತೆ ಕಂಠ ಬಿಚ್ಚಿದಿರಿ! ಕಂಡಕ್ಟರಣ್ಣನ ತುಟಿ ಆಡಿತು, ಕಣ್ಣು ಒರೆಸಿಕೊಂಡರು. ನಾನೂ ಎಲ್ಲ ಕೇಳಿಸಿದವಳಂತೆ ಮರ್ಯಾದೆಗೆ ತಲೆಯಾಡಿಸಿದೆ.

ಆದ್ದರಿಂದ ತಾವು ಇನ್ನು ಮುಂದೆ ಜಗತ್ತಿನ ಎಲ್ಲ ಪಾರ್ಟಿಗಳಿಗೂ ಖುದ್ದಾಗಿ ದಯಮಾಡಿಸಿ, ಯಾರಾದರೂ ಮುಖ್ಯವಾದದ್ದನ್ನು ಹೇಳಲು ಬಾಯಿ ತೆರೆದ ಕೂಡಲೇ ಮೂರ್ಛೆ ಹೋಗಬೇಕೆಂದು ವಿನಂತಿ. ತಮ್ಮ ಉತ್ತರಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ. ಅಂದು ಪಾರ್ಟಿಯಲ್ಲೇ ತಮ್ಮ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು, "ಅಣ್ಣಾ, ನಂಗೇನೂ ಕೇಳಿಸ್ಲಿಲ್ಲ, ಮತ್ತೊಮ್ಮೆ ಹೇಳಿ" ಎಂದದ್ದಕ್ಕೆ ಕ್ಷಮೆ ಇರಲಿ.

"'ನಾನು ಚೆನ್ನಾಗಿ ಹಾಡ್ತೀನಿ ಅಂತ ನನ್ನ ಹೆಂಡ್ತಿ ನಂಬಿದಾಳೆ, ಯಾರೂ ಅವಳಿಗೆ ನಿಜ ಹೇಳ್ಬೇಡ್ರಪ್ಪಾ' ಅಂತ ಎಲ್ಲರ ಹತ್ರ ಆಣೆ ಮಾಡಿಸ್ಕೊಂಡಿದ್ದನಮ್ಮ."

ಮಾನ್ಯರೇ, ಅಷ್ಟು ವರ್ಷ ಅವರ ಪ್ರತಿ ಹಾಡಿಗೂ ಚಪ್ಪಾಳೆ ತಟ್ಟಿದವಳು ನಾನು. ನಿಜ ನನಗೂ ಗೊತ್ತಿತ್ತು. ಪ್ಲಗ್ಗು ಹಿಡಿದುಕೊಂಡೇ ನೆಲಕ್ಕೆ ಕೂತು, ನಾದಿನಿಯನ್ನೂ ಎಳೆದು ಕೂರಿಸಿಕೊಂಡು ನಕ್ಕೆ.

ಇನ್ನೂ ಹೊಟ್ಟೆ ಹಿಡಿದುಕೊಂಡಿರುವ,
ತಮ್ಮ ವಿಶ್ವಾಸಿ,
ಡ್ರೈವರ ಹೆಂಡತಿ

ವಿ.ಸೂ.: ಪ್ಲಗ್ಗು ಕೀಳುವಾಗ ತಾವು ಹಾಡುತ್ತಿದ್ದ ಹಾಡನ್ನು ಅವರೂ ಹಾಡುತ್ತಿದ್ದರು. ಬೇಜಾರು ಮಾಡಿಕೊಳ್ಳಬೇಡಿ, ಅವರದೇ ಚೆನ್ನಾಗಿತ್ತು.