ಜೋಡಿ ಡಬ್ಬಿ

ಎಲ್ಲದಕ್ಕೂ ಮೂಲ ಒಂದು ಸೀನು. ಬೆಳಿಗ್ಗೆ ಪ್ರಯೋಗಾಲಯದಲ್ಲಿ ವಿಜ್ಞಾನದ ಮೇಷ್ಟ್ರು ಸೀನಿದರು. ಕೈಲಿದ್ದ ಡಬ್ಬಿ ದೊಪ್ಪನೆ ನೆಲಕ್ಕೆ ಬಿತ್ತು.

ಅದು ಬಾಹ್ಯಾಕಾಶಕ್ಕೆ ಹೊರಟ ಡಬ್ಬಿ. ಮೇಲೆ, ಕೆಳಗೆ ಎಂಬುದೇ ಇಲ್ಲದ ಕಡೆ ಹುರುಳಿಕಾಯಿ ಬೀಜದ ಬೇರು ಎತ್ತ ತಿರುಗುತ್ತದೆ ಎಂದು ನೋಡಲು ಒಂಬತ್ತನೇ ತರಗತಿಯ ಹುಡುಗಿಯರು ಮಾಡಿದ್ದು. ಅದರ ಅವಳಿ ಡಬ್ಬಿ, ಹೋಲಿಸಿ ನೋಡಲೆಂದು, ಭೂಮಿಯಲ್ಲೇ ಉಳಿಯಬೇಕು. ಸಂಜೆ ವ್ಯಾನು ಬಂದು ಮೊದಲನೆಯದನ್ನು ಒಯ್ದರೆ ಮೇಷ್ಟ್ರಿಗೆ ಬಿಡುಗಡೆ. ವರ್ಷಗಳಿಂದ ಮುಂದೂಡಿದ್ದ ಸಮುದ್ರತೀರದ ಪ್ರವಾಸಕ್ಕೆ ಹೆಂಡತಿ ಆಗಲೇ ಗಂಟುಮೂಟೆ ಕಟ್ಟಿದ್ದರು.

ಡಬ್ಬಿಗೇನೂ ಆಗಿರಲಿಲ್ಲ. ಅಷ್ಟರಲ್ಲಿ ತಂಡದ ನಾಯಕಿ, ಶಾಲೆಗೆಲ್ಲ 'ಲಾಯರಮ್ಮ', ಇನ್ನೊಂದನ್ನು ತಂದು ಕೈಗಿತ್ತಳು.

"ಇದನ್ನೂ ಬೀಳಿಸಿ ಸಾರ್."

"ಯಾಕಮ್ಮಾ?"

"ಅದಕ್ಕೆ ಆಗಿದ್ದೆಲ್ಲ ಇದಕ್ಕೂ ಆಗ್ಬೇಕು, ಇಲ್ಲಾಂದ್ರೆ ಪ್ರಯೋಗ ಕೆಡುತ್ತೆ ಅಂತ ನೀವೇ ಹೇಳಿಕೊಟ್ರಲ್ಲಾ?"

ಮೇಷ್ಟ್ರು ಬೀಳಿಸಿದರು.

"ಸೀನಲೇ ಇಲ್ಲ ಸಾರ್."

ಸೀನಿದ್ದೂ ಆಯಿತು.

ಆಮೇಲೆ ಡ್ರಿಲ್ ಮೇಷ್ಟ್ರು ಬಂದು, "ಒಳಗೆ ಏನೋ ಗಲಗಲ ಅನ್ನತ್ತಲ್ರೀ!" ಎಂದು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ವಿಜ್ಞಾನದ ಮೇಷ್ಟ್ರು ಅವಳಿಯನ್ನು ಅಲ್ಲಾಡಿಸಿದರು. ಹೆಡ್‌ಮೇಡಂ ಡಬ್ಬಿ ಹಿಡಿದು ಬಿಸಿಲಲ್ಲಿ ಉದ್ದನೆಯ ಭಾಷಣ ಬಿಗಿದರು. ಅವರು ಒಳಗೆ ಹೋಗಿ ಫ್ಯಾನಿನಡಿ ಕೂತ ಮೇಲೂ ಮೇಷ್ಟ್ರು ಅವಳಿಯನ್ನು ಹಿಡಿದು ಅಷ್ಟೇ ಹೊತ್ತು ಹಪ್ಪಳದಂತೆ ಒಣಗಿದರು. ಸಿಟ್ಟು ಬಂತು, ಹೇಳಿಕೊಟ್ಟದ್ದನ್ನು ಇಷ್ಟು ನೆನಪಿಟ್ಟ ಹುಡುಗಿಯ ಮೇಲೆ ಹೆಮ್ಮೆಯೂ ಆಯಿತು.

ಸಂಜೆ ವ್ಯಾನು ಡಬ್ಬಿ ಒಯ್ದಿತು. ಗೇಟಿನಲ್ಲಿ ಟ್ಯಾಕ್ಸಿ ಬಂದು ನಿಂತಿತು, ಹೆಂಡತಿ ಇಳಿದರು.

"ಎಲ್ಲಿಗೆ ಸಾರ್?" ಲಾಯರಮ್ಮ ಅಡ್ಡ ಬಂದಳು. "ಮೇಲೆ ಆ ಡಬ್ಬೀನ ಗಗನಯಾತ್ರಿ ಒಬ್ರೇ ನೋಡ್ಕೋತಾರೆ. ಇಲ್ಲೂ ಒಂದೇ ಕೈ ಇರ್ಬೇಕು. ನಿಮ್ಮ ಹೆಸರೇ ಕೊಟ್ಟಿದೀವಿ."

"ಡಬ್ಬೀನ ಜೊತೇಲೇ ತಗೊಂಡು ಹೋಗ್ತೀನಮ್ಮಾ!"

"ಮೇಲೆ ಹೋಗಿರೋದು ಸಮುದ್ರ ನೋಡಲ್ವಲ್ಲ ಸಾರ್. ಮುಚ್ಚಿದ ಕೋಣೇಲಿ ಇರುತ್ತೆ."

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. "ನೀನಾದ್ರೂ ಹೇಳೇ!"

ಹೆಂಡತಿ ಕೇಳಿದರು: "ಏನಮ್ಮಾ, ಆ ಗಗನಯಾತ್ರಿ ಹೆಂಡ್ತೀನ ಜೊತೇಲಿ ಕರ್ಕೊಂಡು ಹೋಗ್ತಾರಾ?"

"ಇಲ್ಲ ಆಂಟಿ."

"ಸರಿ ಬಿಡು. ನನ್ನಿಂದ ಪ್ರಯೋಗ ಕೆಡೋದು ಬೇಡ."

ಅವರು ಮತ್ತೆ ಟ್ಯಾಕ್ಸಿ ಹತ್ತಿದರು. ಒಳಗೆ ಮೇಷ್ಟ್ರ ಅತ್ತೆ ಟೋಪಿ ಹಾಕಿಕೊಂಡು, ಸೂಟ್‌ಕೇಸ್ ಸಮೇತ ಆಗಲೇ ಕೂತಿದ್ದರು.